ಗಾಂಧಾರ ಒಂದೇ, ಕೆಳಗಿನ ಆಧಾರ ಬೇರೆ
ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಿಕ್ ಸಾಟೀಯ ಮೊದಲ ‘ಜಿಮ್ನೊಪೆದಿ’

ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ಪಿಯಾನೊ ಕೃತಿಯ ಬಗ್ಗೆ ಹಲವು ಪ್ರಶ್ನೆಗಳಿವೆ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ. ಫ್ರಾನ್ಸಿನ ಎರಿಕ್ ಸಾಟೀ (1866–1925) ಯೌವನದಲ್ಲಿ ಬರೆದು 1888ರಲ್ಲಿ ಪ್ರಕಟಿಸಿದ ಕೃತಿ ಇದು. ಶ್ರುತಿ ಡಿ ಮೇಜರ್, ಬಾರ್‌ಗೆ ಮೂರು ಎಣಿಕೆ (ಬಾರ್ ಅಂದರೆ ಎಣಿಕೆಗಳ ಒಂದು ಸುತ್ತು), ಒಟ್ಟು 78 ಬಾರ್. ಬೆರಳಿಗೆ ಕಷ್ಟವಿಲ್ಲ, ಕಷ್ಟವೆಲ್ಲ ಕಿವಿಗೆ ಮತ್ತು ಕಾಲಿಗೆ.

ಪ್ರಶ್ನೆ: ಹದಿಮೂರು ವರ್ಷದ ಮಗಳು ಇದನ್ನು ಕಲಿಯುತ್ತಿದ್ದಾಳೆ. ಅವಳ ಟೀಚರ್ ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಎನ್ನುವ ಯಂತ್ರ) 72ಕ್ಕೆ, ಅಂದರೆ ನಿಮಿಷಕ್ಕೆ 72 ಎಣಿಕೆಗೆ, ಇಡು ಅನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಕೇಳಿದರೆ ಒಬ್ಬರು ಮೂರು ನಿಮಿಷಕ್ಕೆ ಮುಗಿಸುತ್ತಾರೆ, ಇನ್ನೊಬ್ಬರು ಐದು ನಿಮಿಷದ ಹತ್ತಿರ ಹೋಗುತ್ತಾರೆ. ಮನೆಯಲ್ಲಿ ಅಜ್ಜ ‘ವಿಲಂಬಿತ ಅಂದಮೇಲೆ ಇನ್ನೂ ನಿಧಾನ ಇರಲಿ’ ಅನ್ನುತ್ತಾರೆ. ಯಾರ ಮಾತು ಕೇಳಬೇಕು?
— ಒಬ್ಬ ತಾಯಿ, ಮುಲುಂಡ್, ಮುಂಬಯಿ

ಉತ್ತರ: ಟೀಚರ್ ಮಾತು ಕೇಳಿ. ಸಾಟೀ ಮೆಟ್ರೊನೋಮ್ ಅಂಕಿ ಕೊಟ್ಟಿಲ್ಲ. ಹಾಳೆಯ ಮೇಲ್ಗಡೆ ‘ಲಾಂ ಎ ದುಲುರೋ’ ಎಂದಷ್ಟೇ ಬರೆದಿದ್ದಾನೆ: ನಿಧಾನ, ನೋವು ತುಂಬಿದ್ದು. ಆದ್ದರಿಂದ ಅಂಕಿಯನ್ನು ನಾವೇ ಗೊತ್ತುಮಾಡಬೇಕು. ಲೆಕ್ಕ ಸುಲಭ. 78 ಬಾರ್ ಅಂದರೆ 234 ಎಣಿಕೆ. ನಿಮಿಷಕ್ಕೆ 80ರಂತೆ ನುಡಿಸಿದರೆ ಎರಡು ನಿಮಿಷ 55 ಸೆಕೆಂಡು, 72ಕ್ಕೆ ಮೂರು ನಿಮಿಷ 15, 66ಕ್ಕೆ ಮೂರು ನಿಮಿಷ 33, 60ಕ್ಕೆ ಮೂರು ನಿಮಿಷ 54. ಐದು ನಿಮಿಷಕ್ಕೆ ಎಳೆಯಬೇಕಾದರೆ 47ಕ್ಕೆ ಇಳಿಯಬೇಕು. ನಮ್ಮ ಅಭಿಪ್ರಾಯದಲ್ಲಿ 66ರಿಂದ 76ರ ನಡುವೆ ಈ ಕೃತಿ ಸರಿಯಾಗಿ ಉಸಿರಾಡುತ್ತದೆ.

ಅಜ್ಜನವರು ಹಾಗೆ ಹೇಳುವುದರ ಹಿಂದೆ ಒಂದು ಒಳ್ಳೆಯ ಕಿವಿ ಇದೆ. ಧಾರವಾಡ, ಪುಣೆಗಳ ಕಡೆಯ ಕಿರಾನಾ ಗಾಯನದ ವಿಲಂಬಿತ ಕೇಳಿದವರಿಗೆ 72 ಅಂದರೆ ಅವಸರವೆನಿಸುವುದು ಸಹಜ. ಆದರೆ ಗಾಯಕರು ಒಂದು ಸ್ವರದ ಮೇಲೆ ನಿಂತು ಅದನ್ನು ಬೆಳೆಸಬಲ್ಲರು, ಉಬ್ಬಿಸಬಲ್ಲರು, ಉಸಿರು ಇರುವ ತನಕ ಅದು ಜೀವಂತ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ತಾಗಿದ ಗಳಿಗೆಯೇ ಸ್ವರದ ಶಿಖರ. ಆಮೇಲೆ ಅದು ಇಳಿಯುತ್ತಲೇ ಹೋಗುತ್ತದೆ, ಏನು ಮಾಡಿದರೂ ಮತ್ತೆ ಏರದು. 72ರಲ್ಲಿ ಒಂದು ಬಾರ್ ಎರಡೂವರೆ ಸೆಕೆಂಡು. 50ರಲ್ಲಿ ಅದು 3.6 ಸೆಕೆಂಡು ಆಗುತ್ತದೆ. ಅಷ್ಟರಲ್ಲಿ ಮೊದಲ ಸ್ವರ ಕರಗಿ ಮುಂದಿನದು ಒಂಟಿಯಾಗಿ ಬೀಳುತ್ತದೆ. ಹಾಡು ಹೋಗಿ ಬಿಡಿ ಬಿಡಿ ಸ್ವರಗಳು ಉಳಿಯುತ್ತವೆ. ನಿಧಾನದ ಕೆಳ ಮಿತಿಯನ್ನು ತಂತಿಯೇ ಹೇಳುತ್ತದೆ.

ಮೇಲಿನ ಮಿತಿ 84ರ ಆಸುಪಾಸು. ಅದನ್ನು ದಾಟಿದರೆ ಕೃತಿ ವಾಲ್ಟ್ಸ್ ಕುಣಿತಕ್ಕೆ ಜಾರುತ್ತದೆ. ವಾಲ್ಟ್ಸ್‌ನಲ್ಲಿ ಎಡಗೈ ‘ಒಂದು’ ಅನ್ನುವಾಗ ಕೆಳಸ್ವರ, ‘ಎರಡು’, ‘ಮೂರು’ ಅನ್ನುವಾಗ ಎರಡು ಸಲ ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರಗಳು) ನುಡಿಸುತ್ತದೆ. ಇಲ್ಲಿ ಹಾಗಲ್ಲ. ‘ಒಂದು’ ಎಂಬಲ್ಲಿ ಕೆಳಸ್ವರ, ‘ಎರಡು’ ಎಂಬಲ್ಲಿ ಕಾರ್ಡ್, ಅದೇ ಕಾರ್ಡ್ ‘ಮೂರು’ ಮುಗಿಯುವವರೆಗೆ ನಿಲ್ಲಬೇಕು. ಮೂರನೆಯ ಎಣಿಕೆಯಲ್ಲಿ ಎಡಗೈಗೆ ಕೆಲಸವಿಲ್ಲ. ಆ ಬಿಡುವನ್ನು ನುಂಗುವುದೇ ಮಕ್ಕಳು ಮಾಡುವ ಮೊದಲ ತಪ್ಪು: ಕೈ ಖಾಲಿ ಇದೆಯೆಂದು ಮುಂದಿನ ಬಾರ್‌ಗೆ ಮುಂಚಿತವಾಗಿ ಹಾರುತ್ತಾರೆ, ಲಯ ಓಡುತ್ತದೆ. ಮೂರೆಣಿಕೆ ಎಂದಾಕ್ಷಣ ದಾದ್ರಾ ತಾಳದ ತಬಲಾ ಠೇಕಾ ನೆನಪಾಗುವವರೂ ಅದನ್ನು ಬದಿಗಿಡುವುದು ಒಳ್ಳೆಯದು. ಇಲ್ಲಿ ತಾಳಿ, ಖಾಲಿಗಳ (ತಾಳದಲ್ಲಿ ಒತ್ತು ಇರುವ, ಇಲ್ಲದ ಜಾಗಗಳ) ತೂಕ ಇಲ್ಲ.

ಮೆಟ್ರೊನೋಮ್ ಅಭ್ಯಾಸ ಹೀಗಿರಲಿ. ಮೊದಲ ವಾರ 72ಕ್ಕೆ ಇಟ್ಟು ಪ್ರತಿ ಎಣಿಕೆಗೂ ಟಿಕ್ ಕೇಳಲಿ. ಎಡಗೈ ಭದ್ರವಾದ ಮೇಲೆ ಬಾರ್‌ಗೆ ಒಂದೇ ಟಿಕ್, ಅಂದರೆ ನಿಮಿಷಕ್ಕೆ 24. ಕೀಲಿ ಕೊಡುವ ಹಳೆಯ ಮೆಟ್ರೊನೋಮ್ 40ಕ್ಕಿಂತ ಕೆಳಗೆ ಹೋಗುವುದಿಲ್ಲವಾದ್ದರಿಂದ ಇದಕ್ಕೆ ಫೋನಿನ ಆಪ್ ಬೇಕು. ಮೂರನೆಯ ಹಂತದಲ್ಲಿ ಟಿಕ್ ‘ಎರಡು’ ಎಂಬಲ್ಲಿ ಮಾತ್ರ ಬೀಳುವಂತೆ ನುಡಿಸಲಿ. ಇದು ಕಠಿಣ, ಆದರೆ ಲಯ ಬೆರಳಿನಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬುದನ್ನು ಬೇರಾವ ಅಭ್ಯಾಸವೂ ಇಷ್ಟು ಬೇಗ ತೋರಿಸದು.

ಪ್ರಶ್ನೆ: ನಾನು ಹಿಂದುಸ್ತಾನಿ ಗಾಯನದ ವಿದ್ಯಾರ್ಥಿ. ಮೇಜರ್ ಸ್ಕೇಲ್ ಅಂದರೆ ಬಿಲಾವಲ್ ಥಾಟ್ (ಎಲ್ಲ ಶುದ್ಧ ಸ್ವರಗಳ ಸಾಲು), ಮೇಜರ್ ಖುಷಿಗೆ, ಮೈನರ್ ದುಃಖಕ್ಕೆ ಎಂದು ಓದಿದ್ದೇನೆ. ಇದು ಡಿ ಮೇಜರ್. ಆದರೂ ಕೇಳಿದರೆ ಎದೆ ಭಾರವಾಗುತ್ತದೆ. ಹೀಗೇಕೆ? ಇದರಲ್ಲಿ ಯಾವುದಾದರೂ ರಾಗವಿದೆಯೇ?
— ಓದುಗರು, ಕೋಥ್ರುಡ್, ಪುಣೆ

ಉತ್ತರ: ಇಡೀ ಕೃತಿಯ ಗುಟ್ಟು ನಿಮ್ಮ ಪ್ರಶ್ನೆಯಲ್ಲಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಡಿಯನ್ನು ಷಡ್ಜ ಮಾಡಿಕೊಳ್ಳಿ. ಪುಣೆಯ ಹಾರ್ಮೋನಿಯಂ ಮಾತಿನಲ್ಲಿ ಪಾಂಢ್ರಿ ದೋನ್, ನಮ್ಮಲ್ಲಿ ಎರಡು ಮನೆ ಶ್ರುತಿ. ನಾಲ್ಕು ಬಾರ್ ಎಡಗೈ ಒಂದೇ ನುಡಿದ ಮೇಲೆ ಐದನೆಯ ಬಾರ್‌ನ ಎರಡನೆಯ ಎಣಿಕೆಗೆ ಹಾಡು ಶುರುವಾಗುತ್ತದೆ. ಸರಿಗಮದಲ್ಲಿ ಬರೆದರೆ:

– ಗ ಪ | ಮ ಗ ನಿ | ದ ನಿ ಸಾ | ಪ – – | ಗ

ಎಲ್ಲವೂ ಶುದ್ಧ ಸ್ವರ. ಮೊದಲ ‘ಗ ಪ ಮ ಗ’ ತಾರ ಸಪ್ತಕದ್ದು, ‘ಸಾ’ ತಾರ ಷಡ್ಜ, ಕೊನೆಯ ‘ಪ’ ಮತ್ತು ‘ಗ’ ಮಧ್ಯ ಸಪ್ತಕದವು. ತಾರ ಗಾಂಧಾರದಲ್ಲಿ ಹೊರಟು ಮಧ್ಯ ಗಾಂಧಾರದಲ್ಲಿ ಇಳಿದು ಕೂರುವ ಒಂದೇ ಸಾಲು. ಆ ಕೊನೆಯ ಗಾಂಧಾರ ನಾಲ್ಕು ಬಾರ್ ನಿಲ್ಲುತ್ತದೆ. ಇಷ್ಟನ್ನೇ ತಂಬೂರಿಯ ಮೇಲೆ ಹಾಡಿ ನೋಡಿ: ಶಾಂತವಾಗಿದೆ, ಸ್ವಲ್ಪ ಸಿಹಿಯಾಗಿಯೂ ಇದೆ. ನೋವು ಕಾಣುವುದಿಲ್ಲ.

ಈಗ ಎಡಗೈ ಸೇರಿಸಿ. ಮೊದಲ ಬಾರ್‌ನ ಕೆಳಸ್ವರ ಷಡ್ಜವಲ್ಲ, ಮಧ್ಯಮ (ಜಿ). ಅದರ ಮೇಲಿನ ಕಾರ್ಡ್ ದ, ಸಾ, ಗ. ಎರಡನೆಯ ಬಾರ್‌ನಲ್ಲಿ ಕೆಳಸ್ವರ ಷಡ್ಜ (ಡಿ), ಮೇಲೆ ಪ, ನಿ, ಗ. ಹಾಡಿನ ಆರಂಭದ ಭಾಗವೆಲ್ಲ ಈ ಎರಡು ಬಾರ್‌ಗಳ ಸರತಿ: ಮಧ್ಯಮ, ಷಡ್ಜ, ಮಧ್ಯಮ, ಷಡ್ಜ. ಕಾರ್ಡಿನೊಳಗೆ ದ ಇಳಿದು ಪ ಆಗುತ್ತದೆ, ಸಾ ಇಳಿದು ನಿ ಆಗುತ್ತದೆ. ಗಾಂಧಾರ ಮಾತ್ರ ಎರಡರಲ್ಲೂ ಇದ್ದಲ್ಲೇ ಇದೆ.

ಗಾಂಧಾರ ಒಂದೇ ಆದರೂ ಅದರ ಕೆಳಗಿನ ಆಧಾರ ಬದಲಾಗುತ್ತಿರುವುದರಿಂದ ಅದರ ಅರ್ಥವೂ ಬದಲಾಗುತ್ತದೆ. ಷಡ್ಜದ ಮೇಲೆ ಅದು ನೆಮ್ಮದಿಯ ಗಾಂಧಾರ. ಮಧ್ಯಮದ ಮೇಲೆ ಅದೇ ಸ್ವರ ಆ ಮಧ್ಯಮಕ್ಕೆ ನಿಷಾದವಾಗಿ ನಿಲ್ಲುತ್ತದೆ, ಅಂದರೆ ಮೇಲೇರಲು ಅರ್ಧ ಸ್ವರ ಮಾತ್ರ ಬಾಕಿ. ಏರುವುದಿಲ್ಲ. ಷಡ್ಜದ ಬಾರ್‌ಗೆ ಬಂದಾಗ ಆ ಕೆಲಸವನ್ನು ನಿಷಾದ ವಹಿಸಿಕೊಳ್ಳುತ್ತದೆ: ಕೆಳಗೆ ಷಡ್ಜ ಮೊಳಗುತ್ತಿದೆ, ಮೇಲೆ ನಿ ಅದನ್ನು ಮುಟ್ಟಲು ಕಾದಿದೆ. ಮುಂದಿನ ಬಾರ್‌ನಲ್ಲಿ ನಿ ಕೊನೆಗೂ ‘ಸಾ’ಕ್ಕೆ ಏರುತ್ತದೆ, ಆದರೆ ಅಷ್ಟರಲ್ಲಿ ಕೆಳಗೆ ಮಧ್ಯಮ ಬಂದುಬಿಟ್ಟಿರುತ್ತದೆ. ತಲುಪಿದಾಗ ಮನೆ ಖಾಲಿ. ಎರಡೂ ಕಾರ್ಡ್‌ಗಳಲ್ಲಿ ಹೀಗೆ ಕೆಳಸ್ವರಕ್ಕೂ ಮೇಲಿನ ಒಂದು ಸ್ವರಕ್ಕೂ ನಡುವೆ ಬಿಡುಗಡೆಯಾಗದ ಘರ್ಷಣೆ ಇದೆ. ಪಾಶ್ಚಾತ್ಯರು ಇದನ್ನು ಮೇಜರ್ ಸೆವೆಂತ್ ಕಾರ್ಡ್ ಅನ್ನುತ್ತಾರೆ. ಎದೆ ಭಾರವಾಗುವುದು ಇದರಿಂದ. ಕೋಮಲ (ಅರ್ಧ ಸ್ವರ ಇಳಿದ) ಸ್ವರದ ಹಂಗಿಲ್ಲದೆ, ಶುದ್ಧ ಸ್ವರಗಳಲ್ಲೇ ಸಾಟೀ ನೋವನ್ನು ಕಟ್ಟಿದ್ದಾನೆ. ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ ಎಂಬ ಪಾಠ ಮೊದಲ ತರಗತಿಗೆ ಸಾಕು, ಮುಂದಕ್ಕೆ ಸಾಲದು.

ಕರ್ನಾಟಕ ಸಂಗೀತ ಬಲ್ಲವರಿಗೆ ಇನ್ನೊಂದು ಬಾಗಿಲಿದೆ. ಶಂಕರಾಭರಣದ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಕಲ್ಯಾಣಿ ಹುಟ್ಟುತ್ತದೆ, ಗ್ರಹಭೇದದ ಮೊದಲ ಪಾಠಗಳಲ್ಲೇ ಇದು ಬರುತ್ತದೆ. ಇಲ್ಲಿ ಕೆಳಸ್ವರ ಪ್ರತಿ ಬಾರ್‌ಗೂ ಮಧ್ಯಮಕ್ಕೆ ಹೋಗಿ ಷಡ್ಜಕ್ಕೆ ಬರುವುದರಿಂದ, ಕಿವಿಗೆ ಒಂದು ಬಾರ್ ಕಲ್ಯಾಣಿಯ ಛಾಯೆ, ಇನ್ನೊಂದು ಬಾರ್ ಶಂಕರಾಭರಣದ ಛಾಯೆ. ನಿಮ್ಮ ಭಾಷೆಯಲ್ಲಿ ಯಮನ್ ಮತ್ತು ಬಿಲಾವಲ್. ಎರಡರಲ್ಲಿ ಒಂದೂ ನೆಲೆಯೂರುವುದಿಲ್ಲ.

ಮುಂದೆ ನಡುಭಾಗದಲ್ಲಿ ಸಿ ನ್ಯಾಚುರಲ್, ಅಂದರೆ ಕೋಮಲ ನಿಷಾದ ಬರುತ್ತದೆ. ಬಣ್ಣ ಖಮಾಜ್ ಥಾಟಿನ ಕಡೆಗೆ ವಾಲುತ್ತದೆ. ಕೃತಿ ಎರಡು ಸಮ ಭಾಗಗಳದು, 39 ಬಾರ್ ಒಂದು, 39 ಬಾರ್ ಇನ್ನೊಂದು. ಎರಡೂ ಬಹುತೇಕ ಒಂದೇ. ಮೊದಲ ಭಾಗ ಡಿ ಮೇಜರ್ ಕಾರ್ಡಿನಲ್ಲಿ, ಶುದ್ಧ ಗಾಂಧಾರದಲ್ಲಿ ಮುಗಿಯುತ್ತದೆ. ಎರಡನೆಯ ಭಾಗದ ಕೊನೆಯ ಕೆಲವು ಬಾರ್‌ಗಳಲ್ಲಿ ಅದೇ ಜಾಗದಲ್ಲಿ ಎಫ್ ನ್ಯಾಚುರಲ್ ಇದೆ: ಕೋಮಲ ಗಾಂಧಾರ. ಇಷ್ಟು ಹೊತ್ತು ಕದಲದೆ ನಿಂತ ಸ್ವರವೇ ಅರ್ಧ ಸ್ವರ ಕುಸಿಯುತ್ತದೆ, ಕೃತಿ ಡಿ ಮೈನರ್‌ನಲ್ಲಿ ನಿಲ್ಲುತ್ತದೆ. ನುಡಿಸುವವರು ಇಲ್ಲಿ ಒತ್ತಿ ಹೇಳಬೇಕಾದ್ದು ಏನೂ ಇಲ್ಲ. ಮೊದಲ ಭಾಗದ ಕೊನೆಯಲ್ಲಿ ಶುದ್ಧ ಗಾಂಧಾರವನ್ನು ಸ್ಪಷ್ಟವಾಗಿ ಕೇಳಿಸಿದ್ದರೆ ಸಾಕು, ಕೇಳುಗರಿಗೆ ವ್ಯತ್ಯಾಸ ತಾನೇ ತಟ್ಟುತ್ತದೆ.

ರಾಗ ಇದೆಯೇ ಅಂದರೆ, ಇಲ್ಲ. ಚಲನ್ (ರಾಗದ ನಡೆ) ಇಲ್ಲ, ನ್ಯಾಸದ (ನಿಲ್ಲುವ ಸ್ವರದ) ಕಟ್ಟು ಇಲ್ಲ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಅಂತೂ ಈ ವಾದ್ಯದಲ್ಲೇ ಇಲ್ಲ. ಸ್ವರಗಳ ಗುರುತು ಹಿಡಿಯಲು ಥಾಟ್ ನೆರವಾಗುತ್ತದೆ, ಅಲ್ಲಿಗೆ ಬಿಡಿ.

ಪ್ರಶ್ನೆ: ನನ್ನ ಹಾಡುವ ಶ್ರುತಿ ಕಾಳಿ ಏಕ್ (ಮೊದಲ ಕರಿ ಕೀ, ಸಿ ಶಾರ್ಪ್). ಕೀಬೋರ್ಡಿನಲ್ಲಿ ಈ ಕೃತಿಯನ್ನು ಅರ್ಧ ಸ್ವರ ಇಳಿಸಿ ನುಡಿಸಿದರೆ ಭಾವ ಕೆಡುತ್ತದೆಯೇ?
— ಓದುಗರು, ಡೊಂಬಿವಿಲಿ

ಉತ್ತರ: ಭಾವ ಕೆಡುವುದಿಲ್ಲ. ಈಗಿನ ಪಿಯಾನೊ, ಕೀಬೋರ್ಡ್‌ಗಳಲ್ಲಿ ಎಲ್ಲ ಅರ್ಧ ಸ್ವರಗಳೂ ಸಮ ಅಂತರದವು. ಡಿಯಿಂದ ಸಿ ಶಾರ್ಪ್‌ಗೆ ಇಳಿಸಿದರೂ ಸ್ವರಗಳ ನಡುವಿನ ಸಂಬಂಧ ಕೂದಲೆಳೆಯಷ್ಟೂ ಬದಲಾಗದು. ಟ್ರಾನ್ಸ್‌ಪೋಸ್ ಗುಂಡಿಯಲ್ಲಿ ಮೈನಸ್ ಒಂದು ಇಟ್ಟರೆ ಬೆರಳು ಡಿ ಮೇಜರ್‌ನಲ್ಲೇ ಓಡುತ್ತದೆ, ಧ್ವನಿ ಕಾಳಿ ಏಕ್‌ನಲ್ಲಿ ಬರುತ್ತದೆ. ಕೃತಿ ಮುಗಿದ ಮೇಲೆ ಅದನ್ನು ಸೊನ್ನೆಗೆ ತನ್ನಿ. ಮರೆತರೆ ಮರುದಿನ ಜೊತೆಗೆ ನುಡಿಸುವವರಿಗೆ ತೊಂದರೆ. ನಿಜವಾದ ಪಿಯಾನೊದಲ್ಲಿ ಬೆರಳಿನಿಂದಲೇ ಶ್ರುತಿ ಬದಲಿಸುವುದು ಮಾತ್ರ ಬೇಡ. ಡಿ ಮೇಜರ್‌ನಲ್ಲಿ ಎಫ್ ಶಾರ್ಪ್, ಸಿ ಶಾರ್ಪ್ ಎರಡೇ ಕರಿ ಕೀ, ಕೈ ಅಗಲವಾಗಿ ಬಿಚ್ಚಿ ಕೂರುತ್ತದೆ. ಸಿ ಶಾರ್ಪ್ ಮೇಜರ್‌ನಲ್ಲಿ ಐದೂ ಕರಿ ಕೀಗಳು ಕೈಗೆ ಅಡ್ಡ ಬರುತ್ತವೆ.

ಪ್ರಶ್ನೆ: ನಮ್ಮದು ಡಿಜಿಟಲ್ ಪಿಯಾನೊ. ಪೆಡಲ್ ಒತ್ತಿದರೆ ಎಲ್ಲ ಕಲಸುಮೇಲೋಗರ, ಬಿಟ್ಟರೆ ಕೆಳಸ್ವರ ಕತ್ತರಿಸಿ ಹೋಗುತ್ತದೆ. ಕೆಲವು ದಿನ ಪೆಡಲ್ ಉಲ್ಟಾ ಕೆಲಸ ಮಾಡುತ್ತದೆ: ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಮೊಳಗುತ್ತದೆ!
— ಓದುಗರು, ಮಾಟುಂಗಾ, ಮುಂಬಯಿ

ಉತ್ತರ: ಉಲ್ಟಾ ಆಗುವುದಕ್ಕೆ ಕಾರಣ ಚಿಕ್ಕದು. ಎಷ್ಟೋ ವಾದ್ಯಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಇರುವ ಸ್ಥಿತಿಯನ್ನೇ ‘ಬಿಟ್ಟ ಸ್ಥಿತಿ’ ಎಂದು ತಿಳಿಯುತ್ತವೆ. ಕಾಲು ಪೆಡಲ್ ಮೇಲಿದ್ದಾಗ ಸ್ವಿಚ್ ಹಾಕಿದರೆ ಎಲ್ಲ ತಿರುಗುಮುರುಗು. ಆಫ್ ಮಾಡಿ, ಪೆಡಲ್ ವೈರು ಸಿಕ್ಕಿಸಿ, ಕಾಲು ದೂರ ಇಟ್ಟು ಮತ್ತೆ ಆನ್ ಮಾಡಿ. ಆದರೂ ಹೋಗದಿದ್ದರೆ ಪೆಡಲಿನ ಅಡಿಯಲ್ಲಿ ಪೊಲಾರಿಟಿ ಬದಲಿಸುವ ಸಣ್ಣ ಸ್ವಿಚ್ ಇದೆಯೇ ನೋಡಿ. ವಾದ್ಯದ ಮೇಲಿನ ‘ಸಸ್ಟೇನ್’ ಗುಂಡಿ ಕಾಲಿನ ಪೆಡಲಿಗೆ ಬದಲಿ ಅಲ್ಲ, ಅದು ಪ್ರತಿ ಸ್ವರಕ್ಕೂ ಒಂದೇ ಅಳತೆಯ ಬಾಲ ಅಂಟಿಸುತ್ತದೆ ಅಷ್ಟೆ. ನುಣುಪು ಟೈಲ್ಸ್ ನೆಲದಲ್ಲಿ ಬಿಡಿ ಪೆಡಲ್ ಜಾರುತ್ತದೆ, ಅಡಿಗೆ ರಬ್ಬರ್ ಮ್ಯಾಟ್ ಹಾಕಿ.

ಇನ್ನು ಕಲಸುವುದರ ಬಗ್ಗೆ. ಈ ಕೃತಿಯಲ್ಲಿ ಎಡಗೈ ಕೆಳಸ್ವರ ಒತ್ತಿ ಒಂದು ಸಪ್ತಕಕ್ಕಿಂತ ಹೆಚ್ಚು ದೂರ ಹಾರಿ ಕಾರ್ಡ್ ಹಿಡಿಯಬೇಕು. ಬೆರಳು ಕೆಳಸ್ವರವನ್ನು ಬಿಡಲೇಬೇಕು, ಸ್ವರ ಮಾತ್ರ ಮೂರೆಣಿಕೆ ಉಳಿಯಬೇಕು. ಅದನ್ನು ಉಳಿಸುವುದು ಪೆಡಲ್ ಒಂದೇ. ಹಾಗಾಗಿ ಪೆಡಲ್ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂಬುದು ಸೆಕೆಂಡಿನ ಭಾಗಗಳ ಲೆಕ್ಕ. 72ರಲ್ಲಿ ಒಂದು ಎಣಿಕೆ ಸುಮಾರು 0.8 ಸೆಕೆಂಡು. ಅದನ್ನು ‘ಒಂ–ದು’ ಎಂದು ಎರಡಾಗಿ ಒಡೆಯಿರಿ. ‘ಒಂ’ ಎನ್ನುವಾಗ ಎಡಗೈಯ ಕಿರುಬೆರಳು ಕೆಳಸ್ವರ ಒತ್ತುತ್ತದೆ, ಅದೇ ಗಳಿಗೆ ಕಾಲು ಪೆಡಲಿನಿಂದ ಏಳುತ್ತದೆ. ಹಿಂದಿನ ಬಾರ್‌ನ ಕಾರ್ಡ್ ಅಳಿಯುವುದು ಆಗಲೇ. ‘ದು’ ಎನ್ನುವಾಗ ಕಾಲು ಮತ್ತೆ ಕೆಳಗೆ. ಅಲ್ಲಿಯತನಕ ಕಿರುಬೆರಳು ಕೀ ಬಿಡಕೂಡದು. ಕಾಲು ತಳ ಮುಟ್ಟಿದ ಮೇಲೆ ಕೈ ಬಿಡುಗಡೆ, ಉಳಿದ 0.4 ಸೆಕೆಂಡಿನಲ್ಲಿ ಅದು ಕಾರ್ಡಿನ ಮೇಲೆ ತಲುಪಿ ಕೀಗಳನ್ನು ಮುಟ್ಟಿಕೊಂಡು ‘ಎರಡು’ ಬರುವುದನ್ನು ಕಾಯಬೇಕು. ಮೊದಲ ಕಾರ್ಡ್‌ಗೆ (ಬಿ, ಡಿ, ಎಫ್ ಶಾರ್ಪ್) ಎಡಗೈಯ 4, 2, 1 ಬೆರಳು ಹಿತ (ಹೆಬ್ಬೆರಳು 1, ಕಿರುಬೆರಳು 5). ಎರಡನೆಯದಕ್ಕೆ (ಎ, ಸಿ ಶಾರ್ಪ್, ಎಫ್ ಶಾರ್ಪ್) 5, 3, 1. ಹೆಬ್ಬೆರಳು ಎರಡರಲ್ಲೂ ಎಫ್ ಶಾರ್ಪ್ ಮೇಲೆಯೇ ಇರುತ್ತದೆ, ಅದೇ ಕೈಗೆ ಗುರುತುಗಂಬ.

ಕಾಲು ಕೆಳಸ್ವರದ ಜೊತೆಯೇ ಕೆಳಗಿಳಿದರೆ ಹಿಂದಿನ ಕಾರ್ಡ್ ಹೊಸದರಲ್ಲಿ ಬೆರೆಯುತ್ತದೆ. ಮಧ್ಯಮವೂ ಷಡ್ಜವೂ ಒಟ್ಟಿಗೆ ಮೊಳಗಿದರೆ ಮೇಲೆ ಹೇಳಿದ ಸರತಿಯ ಅರ್ಥವೇ ಹೋಯಿತು. ನೀವು ಕಲಸುಮೇಲೋಗರ ಅಂದದ್ದು ಇದನ್ನೇ. ಕಾಲು ತಡವಾಗಿ, ಬೆರಳು ಎದ್ದ ಮೇಲೆ ಇಳಿದರೆ ಕೆಳಸ್ವರ ಕತ್ತರಿಸಿ ಹೋಗುತ್ತದೆ. ದಿನಕ್ಕೆ ಹತ್ತು ನಿಮಿಷ ಎಡಗೈ ಮತ್ತು ಕಾಲು ಮಾತ್ರ, 50ಕ್ಕೆ ಇಟ್ಟು, ಮೊದಲ ನಾಲ್ಕು ಬಾರ್ ಅಷ್ಟನ್ನೇ ಸುತ್ತಿ ಸುತ್ತಿ ನುಡಿಸಿ. ಅಭ್ಯಾಸದಲ್ಲಿ 50 ಇರಲಿ, ನುಡಿಸಾಣಿಕೆಯಲ್ಲಿ ಬೇಡ.

ಇನ್ನೊಂದು ಮಾತು, ಧ್ವನಿಯ ತೂಕದ ಬಗ್ಗೆ. ದೂರದಿಂದ ಹಾರಿ ಬರುವ ಕೈ ಕಾರ್ಡಿನ ಮೇಲೆ ದೊಪ್ಪನೆ ಬೀಳುತ್ತದೆ, ಕಾರ್ಡೇ ಎಲ್ಲಕ್ಕಿಂತ ಜೋರಾಗುತ್ತದೆ. ಬಲಗೈ ಹಾಡು ಮೇಲೆ, ಅದರ ನಂತರ ಕೆಳಸ್ವರ, ಎಲ್ಲಕ್ಕಿಂತ ಮೆತ್ತಗೆ ಕಾರ್ಡ್: ಇದೇ ಕ್ರಮ ಇರಬೇಕು. ತೂಕವಿಲ್ಲದ, ಪ್ಲಾಸ್ಟಿಕ್ ಸ್ಪ್ರಿಂಗ್ ಕೀಗಳ ಕೀಬೋರ್ಡಿನಲ್ಲಿ ಈ ಮೂರು ಪದರ ಬೇರ್ಪಡಿಸುವುದು ಬಹಳ ಕಷ್ಟ. ಫ್ಲ್ಯಾಟಿನಲ್ಲಿ ನೆರೆಯವರಿಗೆ ತೊಂದರೆ ಎಂದು ವಾಲ್ಯೂಮ್ ತೀರ ಇಳಿಸಿ ಅಭ್ಯಾಸ ಮಾಡುವುದೂ ಹಾನಿಯೇ, ಕೇಳಿಸಲೆಂದು ಬೆರಳು ಗುದ್ದಲು ಕಲಿಯುತ್ತದೆ. ಹೆಡ್‌ಫೋನ್ ಹಾಕಿ ಸಹಜ ವಾಲ್ಯೂಮಿನಲ್ಲಿ ನುಡಿಸಿ.

ಪ್ರಶ್ನೆ: ಮನೆಯಲ್ಲಿ ಹಳೆಯ ಅಪ್‌ರೈಟ್ ಪಿಯಾನೊ ಇದೆ. ಬೇಗದ ತುಣುಕು ನುಡಿಸಿದಾಗ ಸರಿಯೇ ಅನಿಸುತ್ತದೆ. ಈ ಕೃತಿ ನುಡಿಸಿದರೆ ಮಾತ್ರ ಸ್ವರಗಳು ಅಲೆಅಲೆಯಾಗಿ ಅಲುಗುತ್ತವೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು.
— ಓದುಗರು, ವಾಸ್ಕೊ, ಗೋವಾ

ಉತ್ತರ: ಪಿಯಾನೊದ ನಡು ಮತ್ತು ಮೇಲಿನ ಭಾಗದಲ್ಲಿ ಒಂದೊಂದು ಸ್ವರಕ್ಕೆ ಮೂರು ತಂತಿ, ಅದರ ಕೆಳಗೆ ಎರಡು, ತೀರ ಕೆಳಗೆ ಒಂದು. ಮೂರೂ ಒಂದೇ ಕಂಪನದಲ್ಲಿ ಇರಬೇಕು. ಒಂದು ತಂತಿ ಸೆಕೆಂಡಿಗೆ 440 ಸಲ, ಇನ್ನೊಂದು 441 ಸಲ ಕಂಪಿಸಿದರೆ ಸೆಕೆಂಡಿಗೆ ಒಂದು ಅಲೆ ಏಳುತ್ತದೆ. ಕಾಲು ಸೆಕೆಂಡಿನಲ್ಲಿ ಮುಗಿಯುವ ಸ್ವರದಲ್ಲಿ ಆ ಅಲೆ ಪೂರ್ತಿಯಾಗುವುದೇ ಇಲ್ಲ, ಹಾಗಾಗಿ ಗೊತ್ತಾಗದು. ಇಲ್ಲಿ ಮಧ್ಯ ಗಾಂಧಾರ ಹನ್ನೆರಡು ಎಣಿಕೆ, ಅಂದರೆ 72ರಲ್ಲಿ ಹತ್ತು ಸೆಕೆಂಡು ನಿಲ್ಲುತ್ತದೆ. ಬಚ್ಚಿಡಲು ಜಾಗವೇ ಇಲ್ಲ.

ಪರೀಕ್ಷೆ ಹೀಗೆ ಮಾಡಿ. ಪೆಡಲ್ ಒತ್ತದೆ ನಡು ಸಿಯ ಮೇಲಿನ ಎಫ್ ಶಾರ್ಪ್ ಒಂದನ್ನೇ ಒತ್ತಿ ಹಿಡಿದು ಎಂಟು ಸೆಕೆಂಡು ಕೇಳಿ. ಧ್ವನಿ ಸಮನಾಗಿ ಕರಗಿದರೆ ಸರಿ. ಉಬ್ಬಿ ತಗ್ಗಿ ಹೋದರೆ ಆ ಮೂರು ತಂತಿ ಜಗಳವಾಡುತ್ತಿವೆ. ಡಿ, ಜಿ, ಎ, ಸಿ ಶಾರ್ಪ್‌ಗಳನ್ನೂ ಹಾಗೇ ನೋಡಿ, ಶ್ರುತಿ ಕೆಟ್ಟ ಕೀಗಳನ್ನು ಬರೆದಿಟ್ಟು ಟ್ಯೂನರ್‌ಗೆ ಕೊಡಿ.

ಮಳೆಗಾಲದ ಕಾರಣ: ತಂತಿಗಳ ಹಿಂದಿನ ದೊಡ್ಡ ಹಲಗೆ ತೇವ ಹೀರಿ ಉಬ್ಬುತ್ತದೆ, ತಂತಿಗಳನ್ನು ಎಳೆಯುತ್ತದೆ, ಶ್ರುತಿ ಏರುತ್ತದೆ, ಅದೂ ನಡುಭಾಗದಲ್ಲಿ ಹೆಚ್ಚು. ಒಣಹವೆಗೆ ಮತ್ತೆ ಇಳಿಯುತ್ತದೆ. ಜುಲೈಯಲ್ಲಿ ಶ್ರುತಿ ಮಾಡಿಸಿದರೆ ಡಿಸೆಂಬರಿಗೆ ಕೆಟ್ಟಿರುತ್ತದೆ. ವರ್ಷಕ್ಕೆ ಒಂದೇ ಸಲ ಸಾಧ್ಯವಿದ್ದರೆ ಮಳೆ ನಿಂತು ಹವೆ ನೆಲೆಗೊಂಡ ಮೇಲೆ, ನವೆಂಬರಿನಲ್ಲಿ ಮಾಡಿಸಿ. ವಾದ್ಯವನ್ನು ಹೊರಗೋಡೆಗೆ ತಾಗಿಸಬೇಡಿ, ಸಮುದ್ರದ ಕಡೆಯ ಕಿಟಕಿಯಿಂದ ದೂರವಿಡಿ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ಕೋಣೆಯ ತೇವಾಂಶ 40ರಿಂದ 60 ಶೇಕಡಾ ಇದ್ದರೆ ಉತ್ತಮ. ಎರಡು ಗಂಟೆ ಏಸಿ ಹಾಕಿ ಆಮೇಲೆ ಕಿಟಕಿ ತೆರೆದಿಡುವುದು ಏಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏರಿಳಿತವೇ ಮರಕ್ಕೆ ಶತ್ರು. ಕರಾವಳಿಯ ಹಳೆಯ ಮನೆಗಳಲ್ಲಿ ವಾದ್ಯದ ಒಳಗೆ ಸಣ್ಣ ಬಲ್ಬು ಉರಿಸಿಡುವ ರೂಢಿ ಇದೆ. ಮರ, ಬಟ್ಟೆಯ ನಡುವೆ ಬಿಸಿ ಬಲ್ಬು ಅಪಾಯ. ತೇವ ಅಳೆದು ತಾನೇ ಆರುವ, ಹೊತ್ತುವ ಪಿಯಾನೊ ಹೀಟರ್ ಸಿಗುತ್ತದೆ, ಅದನ್ನು ತಿಳಿದವರಿಂದಲೇ ಕೂಡಿಸಿ. ಒತ್ತಿದ ಕೀ ಏಳದಿದ್ದರೆ ಎಣ್ಣೆ ಹಾಕಲೇಬೇಡಿ, ಉಬ್ಬಿರುವುದು ಕೀ ಕೆಳಗಿನ ಬಟ್ಟೆ. ಎಣ್ಣೆ ಕುಡಿದ ಬಟ್ಟೆಯನ್ನು ಬದಲಿಸುವುದೊಂದೇ ಮುಂದಿನ ದಾರಿ.

ಪ್ರಶ್ನೆ: ‘ನೋವು ತುಂಬಿ’ ಎಂದು ಬರೆದಿರುವುದರಿಂದ ಪ್ರತಿ ಸಾಲಿನ ಕೊನೆಗೂ ಲಯ ಎಳೆದು ನಿಲ್ಲಿಸುತ್ತೇನೆ. ಕೇಳಿದವರು ‘ತೂಕಡಿಕೆ ಬರುತ್ತದೆ’ ಅಂದರು.
— ಓದುಗರು, ಚಿಂಚ್‌ವಡ್, ಪುಣೆ

ಉತ್ತರ: ಸಾಲಿನ ಕೊನೆ ಎಂದು ನೀವು ಎಳೆಯುವ ಜಾಗದಲ್ಲಿ ಹಾಡು ಮಾತ್ರ ನಿಂತಿದೆ, ಎಡಗೈ ನಡೆಯುತ್ತಲೇ ಇದೆ. ಮಧ್ಯಮ, ಷಡ್ಜ, ಮಧ್ಯಮ, ಷಡ್ಜ, ನಾಲ್ಕು ಬಾರ್. ಎಡಗೈ ಎಳೆದರೆ ಹತ್ತು ಸೆಕೆಂಡು ನಿಲ್ಲಬೇಕಾದ ಗಾಂಧಾರ ಹದಿಮೂರು ನಿಲ್ಲಬೇಕಾಗುತ್ತದೆ, ಅಷ್ಟು ಹೊತ್ತು ತಂತಿಯಲ್ಲಿ ಧ್ವನಿ ಉಳಿದಿರುವುದಿಲ್ಲ. ಕೇಳುಗರ ಕಿವಿಗೆ ಹಿಡಿದುಕೊಳ್ಳಲು ಏನೂ ಇಲ್ಲದಾಗ ತೂಕಡಿಕೆ ಬರುತ್ತದೆ. ಮಾಡಬೇಕಾದ್ದು ಬೇರೆ: ಆ ಗಾಂಧಾರವನ್ನು ಅದರ ಹಿಂದಿನ ಪಂಚಮಕ್ಕಿಂತ ಕೊಂಚ ಹೆಚ್ಚು ಭಾರದಿಂದ, ಆದರೆ ಗುದ್ದದೆ, ಕೈಯ ತೂಕ ಇಳಿಬಿಟ್ಟು ಒತ್ತಿ, ಮುಂದಿನ ನಾಲ್ಕು ಬಾರ್‌ಗಳ ಕಾರ್ಡ್‌ಗಳನ್ನು ಅದಕ್ಕಿಂತ ಒಂದು ಮಟ್ಟ ಮೆತ್ತಗೆ ಇಡಿ. ಕರಗುತ್ತಿರುವ ಸ್ವರ ಎಷ್ಟು ಉಳಿದಿದೆಯೋ ಅದಕ್ಕಿಂತ ಕಾರ್ಡ್ ಜೋರಾಗಬಾರದು. ನೋವು ಸ್ವರಗಳ ಜೋಡಣೆಯಲ್ಲೇ ಇದೆ, ನೀವು ಹೊರಗಿನಿಂದ ತಂದು ಹಾಕಬೇಕಿಲ್ಲ.

ಲಯ ಸಡಿಲಿಸಲು ಎರಡು ಜಾಗ ಸಾಕು: 39ನೆಯ ಬಾರ್ ಮುಗಿದು ಮೊದಲಿನಿಂದ ಶುರುವಾಗುವ ಮುನ್ನ ಒಂದು ಉಸಿರು, ಮತ್ತು ಕೊನೆಯ ಎರಡು ಬಾರ್. ಫೋನಿನಲ್ಲಿ ರೆಕಾರ್ಡ್ ಮಾಡಿ ಗಡಿಯಾರ ನೋಡಿ. 72ರಲ್ಲಿ ಮೊದಲ ಭಾಗ ಸುಮಾರು ಒಂದು ನಿಮಿಷ 38 ಸೆಕೆಂಡಿಗೆ ಮುಗಿಯಬೇಕು, ಎರಡನೆಯದಕ್ಕೂ ಅಷ್ಟೇ, ಕೊನೆಗೆ ಎರಡು ಮೂರು ಸೆಕೆಂಡು ಹೆಚ್ಚು. ಎರಡನೆಯ ಭಾಗ ಒಂದು ನಿಮಿಷ 50 ಮೀರಿದರೆ ಎಲ್ಲೋ ಎಳೆಯುತ್ತಿದ್ದೀರಿ ಎಂದೇ ಅರ್ಥ.

ಪ್ರಶ್ನೆ: ನೊಟೇಶನ್ ಯಾವುದು ಕೊಳ್ಳಬೇಕು? ಇದಾದ ಮೇಲೆ ನಿಧಾನದ ಇನ್ಯಾವ ಕೃತಿ ಕಲಿಯಬಹುದು?
— ಓದುಗರು, ಮಡಗಾಂವ್, ಗೋವಾ

ಉತ್ತರ: ಸಾಟೀ ತೀರಿಕೊಂಡು 60 ವರ್ಷಗಳಿಗಿಂತ ಎಷ್ಟೋ ಹೆಚ್ಚಾಯಿತು, ಭಾರತದಲ್ಲಿ ಈ ಕೃತಿಗೆ ಕೃತಿಸ್ವಾಮ್ಯ ಇಲ್ಲ, ಹಳೆಯ ಮುದ್ರಣದ ಪ್ರತಿ ಉಚಿತವಾಗಿಯೇ ಸಿಗುತ್ತದೆ. ಕಾಗದದ ಪುಸ್ತಕವೇ ಬೇಕಾದರೆ ಮುಂಬಯಿಯ ಧೋಬಿ ತಲಾವ್ ಕಡೆಯ ಸಂಗೀತ ಅಂಗಡಿಗಳಲ್ಲಿ ಕೇಳಿ. ‘ಸುಲಭ’ ಎಂದು ಮುದ್ರಿಸಿದ ಆವೃತ್ತಿ ಬೇಡ. ತೆರೆದು ಎರಡನೆಯ ಬಾರ್ ನೋಡಿ: ಕಾರ್ಡಿನಲ್ಲಿ ಸಿ ಶಾರ್ಪ್ ಇಲ್ಲದೆ ಬರೀ ಡಿ, ಎಫ್ ಶಾರ್ಪ್, ಎ ಇದ್ದರೆ ಅಲ್ಲಿ ನಿಷಾದವನ್ನೇ ಕಿತ್ತುಹಾಕಿದ್ದಾರೆ. ಅದನ್ನು ಕಪಾಟಿಗೆ ಮರಳಿಸಿ.

ಇದೇ ಗುಂಪಿನ ಮೂರನೆಯ ಜಿಮ್ನೊಪೆದಿ (ಎ ಮೈನರ್, ‘ನಿಧಾನ ಮತ್ತು ಗಂಭೀರ’) ಸಹಜವಾದ ಮುಂದಿನ ಹೆಜ್ಜೆ. ಎಡಗೈ ಚಲನೆ ಅದೇ, ಬಣ್ಣ ಬೇರೆ. ಧ್ವನಿಮುದ್ರಣ ಹುಡುಕುವಾಗ ಎಚ್ಚರ: ಫ್ರಾನ್ಸಿನ ಇನ್ನೊಬ್ಬ ಸ್ವರಕಾರ ದೆಬುಸಿ ಒಂದನೆಯದನ್ನೂ ಮೂರನೆಯದನ್ನೂ ವಾದ್ಯವೃಂದಕ್ಕೆ ಅಳವಡಿಸಿದಾಗ ಸಂಖ್ಯೆಗಳು ಅದಲುಬದಲಾಗಿವೆ. ವಾದ್ಯವೃಂದದ ‘ಒಂದು’ ಪಿಯಾನೊದ ‘ಮೂರು’.

ಆಮೇಲೆ ಶೋಪ್ಯಾನ್ 1839ರಲ್ಲಿ ಪ್ರಕಟಿಸಿದ ಇ ಮೈನರ್ ಪ್ರೆಲ್ಯೂಡ್, ಓಪಸ್ 28ರ ನಾಲ್ಕನೆಯದು. 25 ಬಾರ್ ಮಾತ್ರ. ಲಾರ್ಗೊ (ಬಹಳ ನಿಧಾನ) ಎಂದು ಬರೆದಿದ್ದರೂ ಬಾರ್‌ಗೆ ಎರಡು ದೊಡ್ಡ ಎಣಿಕೆ ಇಟ್ಟುಕೊಳ್ಳಿ, ನಾಲ್ಕು ಎಣಿಸಿದರೆ ಎಡಗೈಯ ಕಾರ್ಡ್‌ಗಳು ಕುಟ್ಟಣದಂತೆ ಕೇಳುತ್ತವೆ. ಇದೇ ಸೂಚನೆ ಬೇಥೋವನ್‌ನ ‘ಮೂನ್‌ಲೈಟ್’ ಸೊನಾಟಾದ (1801) ಮೊದಲ ಭಾಗಕ್ಕೂ. ಅದು ಸಿ ಶಾರ್ಪ್ ಮೈನರ್, ಬಾರ್‌ಗೆ ಎರಡು ಎಣಿಕೆ, ಮೂರು ಮೂರರ ಗುಂಪಾಗಿ ಹನ್ನೆರಡು ಸಣ್ಣ ಸ್ವರ. ತಂತಿಯ ಮೇಲಿನ ಒತ್ತುಬಟ್ಟೆ ಎತ್ತಿಯೇ ಇಡಿ ಎಂದು ಬೇಥೋವನ್ ಬರೆದಿದ್ದಾನೆ. ಅವನ ಕಾಲದ ಪಿಯಾನೊದಲ್ಲಿ ಧ್ವನಿ ಬೇಗ ಆರುತ್ತಿತ್ತು. ಈಗಿನ ವಾದ್ಯದಲ್ಲಿ ಕಾರ್ಡ್ ಬದಲಾದಾಗಲೆಲ್ಲ ಪೆಡಲ್ ಬದಲಿಸಿ. ಶೂಮನ್‌ನ ‘ಟ್ರೊಯ್‌ಮರೈ’ (1838, ಎಫ್ ಮೇಜರ್) ಕಲಿಯುವಾಗ ಲಯದ ಅಂಕಿ ನೋಡಿ ಗಾಬರಿಯಾಗಬೇಡಿ. ಮೊದಲ ಮುದ್ರಣದಲ್ಲಿ 100 ಇದೆ, ಆಮೇಲೆ ಪತ್ನಿ ಕ್ಲಾರಾ ಸಂಪಾದಿಸಿದ ಆವೃತ್ತಿಯಲ್ಲಿ 80. ಮೊದಲ ತಿಂಗಳು 80ಕ್ಕೆ ಕಲಿತು, ನಾಲ್ಕು ಪದರಗಳೂ ಬೇರೆ ಬೇರೆಯಾಗಿ ಕೇಳಿಸತೊಡಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸಿ.